ಅಂಚೆ ಪೆಟ್ಟಿಗೆಯ ಮೇಲೆ ಒಂದು ಹೆಸರು

ಜರ್ಮನಿಯಲ್ಲಿ ಸರ್ಕಾರಿ ಕಚೇರಿಗಳ, ನ್ಯಾಯಾಲಯಗಳ ಗಂಭೀರ ಪತ್ರಗಳು ಹಳದಿ ಲಕೋಟೆಯಲ್ಲಿ ಬರುತ್ತವೆ. ಅಂಚೆಯವನು ಅದನ್ನು ಪೆಟ್ಟಿಗೆಗೆ ಹಾಕುವ ಮುನ್ನ ಲಕೋಟೆಯ ಮೇಲೆ ಅಂದಿನ ತಾರೀಖು ಬರೆಯುತ್ತಾನೆ. ನೀವು ಮನೆಯಲ್ಲಿದ್ದಿರೋ ಇಲ್ಲವೋ, ಲಕೋಟೆ ಒಡೆದಿರೋ ಇಲ್ಲವೋ, ನಿಮಗೆ ಜರ್ಮನ್ ಓದಲು ಬರುತ್ತದೋ ಇಲ್ಲವೋ, ಕಾನೂನಿನ ಲೆಕ್ಕದಲ್ಲಿ ಆ ತಾರೀಖಿಗೆ ಪತ್ರ ನಿಮಗೆ ತಲುಪಿತು. ಆಶ್ರಯ ಕೋರಿದ ಅರ್ಜಿ ತಿರಸ್ಕಾರವಾಗಿದ್ದರೆ ನ್ಯಾಯಾಲಯಕ್ಕೆ ಹೋಗಲು ಸಾಮಾನ್ಯವಾಗಿ ಎರಡು ವಾರ ಇರುತ್ತದೆ. ಅರ್ಜಿಯಲ್ಲಿ ಹುರುಳೇ ಇಲ್ಲ ಎಂದೋ, ಈ ಅರ್ಜಿ ಬೇರೆ ದೇಶದ ಹೊಣೆ ಎಂದೋ ಬರೆದಿದ್ದರೆ ಒಂದೇ ವಾರ. ಆಶ್ರಯಕೋರಿ ತನ್ನ ವಿಳಾಸ ಬದಲಾದದ್ದನ್ನು ತಿಳಿಸದೇ ಇದ್ದರೆ ಇನ್ನೂ ಕಷ್ಟ. ಪತ್ರ ಹಳೆಯ ವಿಳಾಸಕ್ಕೆ ಹೋಗಿ ಹಿಂದಿರುಗಿದರೂ ಅದು ತಲುಪಿದಂತೆಯೇ ಲೆಕ್ಕ. ಅಲ್ಲಿನ ಪೆಟ್ಟಿಗೆಗಳ ಮೇಲೆ ಮನೆಯಲ್ಲಿರುವವರ ಹೆಸರು ಬರೆದಿರಬೇಕು. ಹೆಸರಿಲ್ಲದಿದ್ದರೆ ಅಂಚೆಯವನು ಪತ್ರ ಹಾಕುವುದಿಲ್ಲ.

ಇಲ್ಲಿ ಕುಳಿತಿರುವ ನಿಮ್ಮಲ್ಲಿ ಅನೇಕರ ಮನೆಯವರು ದುಬೈ, ದೋಹಾ, ಕುವೈತ್‌ಗಳಲ್ಲಿ ದುಡಿದವರು. ಪರದೇಶದಲ್ಲಿ ಕಾಗದಪತ್ರದ ಮಹಿಮೆ ಏನೆಂದು ಮಂಗಳೂರಿನವರಿಗೆ ನಾನು ಪಾಠ ಹೇಳಬೇಕಾಗಿಲ್ಲ. ಆದರೆ ವೀಸಾ ಮುಗಿದರೆ ನಿಮ್ಮವರು ಊರಿಗೆ ಬರಬಹುದಿತ್ತು. ಆಶ್ರಯಕೋರಿಗೆ ಊರೇ ಅಪಾಯ. ಅವನು ಆ ಹಳದಿ ಲಕೋಟೆಗಾಗಿ ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ ಕಾಯಬೇಕು. ಆ ಕಾಯುವಿಕೆಯನ್ನು ಎಲ್ಲಿ, ಯಾರ ಜೊತೆ ಕಳೆಯುತ್ತಾನೆ ಎನ್ನುವುದು ನನ್ನ ಇವತ್ತಿನ ವಿಷಯ. ಒಂದು ಮನೆ, ಅಂದರೆ ಊಟದ ಮೇಜು, ಬೀಗದ ಕೈ, ಪಾತ್ರೆ ತೊಳೆಯುವ ಸರದಿ ಇರುವ ಸಾಧಾರಣ ಮನೆ, ಇಲ್ಲಿ ಮಾಡುವ ಕೆಲಸವನ್ನು ಕಾನೂನಿಗಾಗಲಿ ಚರ್ಚಿನ ಗೋಪುರಕ್ಕಾಗಲಿ ಮಾಡಲಾಗುವುದಿಲ್ಲ ಎಂಬುದು ನನ್ನ ವಾದ.

ಎಂಥ ಮನೆ? ಹ್ಯಾಂಬುರ್ಗ್‌ನಲ್ಲಿ 'ಬ್ರೋಟ್ ಉಂಡ್ ರೋಜೆನ್' ಎಂಬ ಒಂದು ಕ್ರೈಸ್ತ ಬಳಗವಿದೆ. 1996ರಲ್ಲಿ ಶುರುವಾದದ್ದು. ಮದುವೆಯಾದವರು, ಒಂಟಿಯಾಗಿರುವವರು, ಮಕ್ಕಳು ಒಂದೇ ಸೂರಿನಡಿ ಇದ್ದುಕೊಂಡು, ನೆಲೆಯಿಲ್ಲದ ವಲಸಿಗರನ್ನು ಅತಿಥಿಗಳಾಗಿ ಇರಿಸಿಕೊಳ್ಳುತ್ತಾರೆ. ನಮ್ಮ ಅವಿಭಕ್ತ ಕುಟುಂಬದ ಹಾಗೆ ಎನ್ನಿ, ರಕ್ತಸಂಬಂಧವೊಂದಿಲ್ಲ. ಇದಕ್ಕೆ ಪ್ರೇರಣೆ ಅಮೆರಿಕದ ಕ್ಯಾಥೊಲಿಕ್ ವರ್ಕರ್ ಚಳವಳಿ. 1933ರ ಮೇ 1ರಂದು, ಆರ್ಥಿಕ ಕುಸಿತದ ನಡುವೆ, ಡೊರೊಥಿ ಡೇ ಎಂಬ ಪತ್ರಕರ್ತೆ ಮತ್ತು ಪೀಟರ್ ಮೊರಾಂ ಎಂಬ ಫ್ರೆಂಚ್ ಮೂಲದ ಅಲೆಮಾರಿ ಚಿಂತಕ ನ್ಯೂಯಾರ್ಕ್‌ನಲ್ಲಿ ಒಂದು ಸೆಂಟ್ ಬೆಲೆಯ ಪತ್ರಿಕೆ ಹೊರಡಿಸಿದರು. ಪತ್ರಿಕೆ ಓದಿದ ನಿರುದ್ಯೋಗಿಗಳು ನೇರವಾಗಿ ಬಾಗಿಲಿಗೆ ಬಂದರು. ಬರೆದದ್ದನ್ನು ಮಾಡಿ ತೋರಿಸದೆ ವಿಧಿಯಿರಲಿಲ್ಲ. ಹಾಗೆ ಹುಟ್ಟಿದವು ಅವರ ಅತಿಥಿಮನೆಗಳು. ಪ್ರತಿ ಕ್ರೈಸ್ತ ಮನೆಯಲ್ಲೂ ಕ್ರಿಸ್ತನಿಗೆಂದು ಒಂದು ಕೋಣೆ ಇರಬೇಕು, ಅಲ್ಲಿ ದಿಕ್ಕಿಲ್ಲದವರನ್ನು ಮಲಗಿಸಬೇಕು ಎನ್ನುವುದು ಮೊರಾಂ ಹಿಡಿದ ಹಟ. ಪರದೇಶಿಯನ್ನು ಸೇರಿಸಿಕೊಂಡವರು ನನ್ನನ್ನೇ ಸೇರಿಸಿಕೊಂಡರು ಎಂದು ಕ್ರಿಸ್ತ ಹೇಳುವ ಮತ್ತಾಯನ ಸುವಾರ್ತೆಯ 25ನೆಯ ಅಧ್ಯಾಯ ಓದಿದವರಿಗೆ ಇದರ ಮೂಲ ಎಲ್ಲಿದೆ ಎಂದು ಗೊತ್ತು.

ಬರ್ಲಿನ್‌ನ ಇನ್ನೊಂದು ಮನೆಯನ್ನು ಹೇಳದೆ ಮುಂದೆ ಹೋಗಲು ಮನಸ್ಸಿಲ್ಲ. ಕ್ರಿಸ್ಟಿಯಾನ್ ಹೆರ್ವಾರ್ಟ್ಸ್ ಎಂಬ ಜೆಸ್ವಿಟ್ ಪಾದ್ರಿ ಕಾರ್ಖಾನೆಯಲ್ಲಿ ಲೇತ್ ಯಂತ್ರ ನಡೆಸುತ್ತಿದ್ದರು. ದುಡಿಯುವವರ ನಡುವೆ ದುಡಿದೇ ಬದುಕಬೇಕೆಂದು ಹೊರಟವರು. ಕ್ರೊಯ್ಟ್ಸ್‌ಬೆರ್ಗ್ ಬಡಾವಣೆಯ ನೌನೀನ್ ಬೀದಿಯಲ್ಲಿ ಅವರೂ ಅವರ ಸಂಗಡಿಗರೂ ಒಂದು ಬಾಡಿಗೆ ಮನೆಯಲ್ಲಿದ್ದರು. ದಶಕಗಳ ಕಾಲ ಆ ಮನೆಗೆ ನಾನಾ ದೇಶಗಳ ನೂರಾರು ಜನ ಬಂದು ಹೋದರು. ಜೈಲಿನಿಂದ ಬಿಡುಗಡೆಯಾದವರು, ಮನೆ ಕಳೆದುಕೊಂಡವರು, ಕಾಗದಪತ್ರ ಇಲ್ಲದವರು ಎಲ್ಲರೂ. ಶನಿವಾರ ಬೆಳಗಿನ ಉಪಾಹಾರಕ್ಕೆ ಯಾರು ಬೇಕಾದರೂ ಬರಬಹುದಿತ್ತು. ಹೆರ್ವಾರ್ಟ್ಸ್ 2022ರಲ್ಲಿ ತೀರಿಕೊಂಡರು. ಅವರಿಗೆ ಪ್ರತ್ಯೇಕ ಕೋಣೆಯೂ ಇರಲಿಲ್ಲವೆಂದು ಕೇಳಿದಾಗ ನಮ್ಮ ಕಡೆಯ ಕೆಲವು ಗುರುನಿವಾಸಗಳು ನೆನಪಾದವು. ಅದನ್ನು ಇಲ್ಲಿಗೇ ಬಿಡುತ್ತೇನೆ.

ಈಗ ಒಬ್ಬ ಯುವಕನನ್ನು ಊಹಿಸಿಕೊಳ್ಳಿ. ಇವನು ಯಾವ ಒಬ್ಬ ವ್ಯಕ್ತಿಯೂ ಅಲ್ಲ, ಅನೇಕರು ನಡೆದ ದಾರಿಯನ್ನು ನಾನು ಒಬ್ಬನ ಹೆಗಲಿಗೆ ಹಾಕುತ್ತಿದ್ದೇನೆ. ಆಫ್ಘಾನಿಸ್ತಾನದವನು. ಇರಾನ್, ತುರ್ಕಿ ದಾಟಿ ಬಲ್ಗೇರಿಯಾಕ್ಕೆ ಕಾಲಿಟ್ಟ. ಅಲ್ಲಿ ಪೊಲೀಸರು ಹಿಡಿದು ಬೆರಳಚ್ಚು ತೆಗೆದುಕೊಂಡರು. ಆ ಬೆರಳಚ್ಚು ಯುರೋಡ್ಯಾಕ್ ಎಂಬ ಸಮಾನ ದತ್ತಾಂಶ ಸಂಗ್ರಹಕ್ಕೆ ಹೋಗುತ್ತದೆ. ಜರ್ಮನಿಗೆ ಬಂದು ಅರ್ಜಿ ಹಾಕಿದಾಗ ಯಂತ್ರ ಹೇಳಿತು: ಇವನು ಮೊದಲು ಬಲ್ಗೇರಿಯಾದವರ ಕೈಗೆ ಸಿಕ್ಕಿದವನು. ಆಶ್ರಯದ ಅರ್ಜಿ ಯುರೋಪಿನ ಯಾವ ದೇಶದ ಹೊಣೆ ಎಂದು ತೀರ್ಮಾನಿಸುವ ಡಬ್ಲಿನ್ ನಿಯಮದ ಪ್ರಕಾರ ಇವನ ಅರ್ಜಿ ಅವರ ಹೊಣೆ, ಇವನನ್ನು ಅಲ್ಲಿಗೆ ಕಳಿಸಬೇಕು. ಇವನು ಹೆದರುವುದು ಅಲ್ಲಿಗೆ ಹೋಗುವುದಕ್ಕೇ. ಏಕೆಂದರೆ ಅಲ್ಲಿ ಹೊಡೆತ ತಿಂದಿದ್ದಾನೆ. ಆದರೆ ಬಲ್ಗೇರಿಯಾ ಒಪ್ಪಿದ ದಿನದಿಂದ ಆರು ತಿಂಗಳೊಳಗೆ ಜರ್ಮನಿ ಅವನನ್ನು ಕಳಿಸದಿದ್ದರೆ ಹೊಣೆ ಜರ್ಮನಿಗೇ ಬರುತ್ತದೆ. ಡಬ್ಲಿನ್ ನಿಯಮದ ಜಾಗಕ್ಕೆ ಯುರೋಪ್ 2024ರಲ್ಲಿ ಹೊಸ ಕಾನೂನನ್ನು ಅಂಗೀಕರಿಸಿದೆ. ನಾನು ಹೇಳುತ್ತಿರುವುದು ಅದಕ್ಕೆ ಮೊದಲಿನ ವ್ಯವಸ್ಥೆಯ ಮಾತು.

ಈ ಆರು ತಿಂಗಳ ಸಂದಿಯಲ್ಲೇ 'ಕಿರ್ಖೆನ್‌ಅಜೂಲ್', ಅಂದರೆ ಚರ್ಚಿನ ಆಶ್ರಯ, ಕೆಲಸ ಮಾಡುವುದು: ಗಡುವು ಮುಗಿಯುವವರೆಗೆ ಚರ್ಚು ಅವನನ್ನು ತನ್ನ ಅಂಗಳದಲ್ಲಿ ಇರಿಸಿಕೊಳ್ಳುತ್ತದೆ. ಅದರ ಹಿಂದೆ ಒಂದು ಸಾವಿದೆ. 1980ರ ಸೇನಾ ಕ್ರಾಂತಿಯ ನಂತರ ತುರ್ಕಿಯಿಂದ ಓಡಿಬಂದ ಜೆಮಾಲ್ ಕೆಮಾಲ್ ಆಲ್ತುನ್ ಎಂಬ 23 ವರ್ಷದ ಯುವಕ, ತನ್ನನ್ನು ತುರ್ಕಿಗೆ ಒಪ್ಪಿಸಿಬಿಡುತ್ತಾರೆಂಬ ಭಯದಲ್ಲಿ, 1983ರ ಆಗಸ್ಟ್ 30ರಂದು ಬರ್ಲಿನ್‌ನ ಆಡಳಿತ ನ್ಯಾಯಾಲಯದ ಆರನೇ ಮಹಡಿಯ ಕಿಟಕಿಯಿಂದ ಹಾರಿ ಸತ್ತ. ಅದೇ ವರ್ಷ ಕ್ರೊಯ್ಟ್ಸ್‌ಬೆರ್ಗ್‌ನ ಹೋಲಿಕ್ರಾಸ್ ಚರ್ಚು ಲೆಬನಾನಿನಿಂದ ಬಂದಿದ್ದ ಪ್ಯಾಲೆಸ್ತೀನ್ ಕುಟುಂಬಗಳಿಗೆ ಬಾಗಿಲು ತೆರೆಯಿತು. ಜರ್ಮನಿಯ ಚರ್ಚ್ ಆಶ್ರಯದ ಚರಿತ್ರೆಯನ್ನು ಅಲ್ಲಿಂದಲೇ ಎಣಿಸುತ್ತಾರೆ.

ಚರ್ಚಿನೊಳಗೆ ಪೊಲೀಸರು ಬರಬಾರದು ಎಂಬ ಕಾನೂನು ಜರ್ಮನಿಯಲ್ಲಿ ಇಲ್ಲ. ಅವರು ಬರದೇ ಇರುವುದು ಒಂದು ಸಂಕೋಚದಿಂದ, ಮತ್ತು 2015ರಲ್ಲಿ ವಲಸೆ ಕಚೇರಿ ಹಾಗೂ ಚರ್ಚುಗಳ ನಡುವೆ ಆದ ಒಂದು ಒಡಂಬಡಿಕೆಯಿಂದ. ಆಶ್ರಯ ಕೊಟ್ಟ ಕೂಡಲೇ ಚರ್ಚು ಕಚೇರಿಗೆ ವ್ಯಕ್ತಿಯ ಹೆಸರು, ಇರುವ ಜಾಗ ತಿಳಿಸುತ್ತದೆ, ಆಮೇಲೆ ಅವನ ಪ್ರಕರಣವನ್ನು ವಿವರವಾಗಿ ಬರೆದು ಕಳಿಸುತ್ತದೆ. ಮುಚ್ಚಿಡುವ ಪ್ರಶ್ನೆಯೇ ಇಲ್ಲ. ನೆದರ್ಲೆಂಡ್ಸಿನಲ್ಲಿ ಕಥೆ ಬೇರೆ. ಅಲ್ಲಿ ಆರಾಧನೆ ನಡೆಯುತ್ತಿರುವಾಗ ಅಧಿಕಾರಿಗಳು ಒಳಗೆ ಬರುವಂತಿಲ್ಲ ಎಂಬ ಕಾನೂನೇ ಇದೆ. ಹೇಗ್ ನಗರದ ಬೆತೆಲ್ ಚರ್ಚಿನಲ್ಲಿ 2018ರ ಅಕ್ಟೋಬರ್ 26ರಿಂದ 2019ರ ಜನವರಿ 30ರವರೆಗೆ ಹಗಲೂ ರಾತ್ರಿ ಬಿಡದೆ ಆರಾಧನೆ ನಡೆಸಿ ಒಂದು ಅರ್ಮೇನಿಯನ್ ಕುಟುಂಬವನ್ನು ಉಳಿಸಿಕೊಂಡರು. ನೂರಾರು ಪಾದ್ರಿಗಳು ಸರದಿಯಲ್ಲಿ ಬಂದರು. ಪತ್ರಿಕೆಗಳಿಗೆ ಇಂಥದ್ದೇ ಬೇಕು. ನನಗೂ ಆ ಸುದ್ದಿ ಓದಿ ರೋಮಾಂಚನವಾಗಿತ್ತು, ನಿಜ. ಆದರೆ ಪಾದ್ರಿ ಮುಂದಿನ ಕೋಣೆಯಲ್ಲಿ ಕೀರ್ತನೆ ಹಾಡುತ್ತಿದ್ದಾಗ ಹಿಂದಿನ ಕೋಣೆಗಳಲ್ಲಿ ಆ ಕುಟುಂಬದ ಬಟ್ಟೆ ಒಗೆದವರು ಯಾರು, ಮಕ್ಕಳ ಓದು ಹೇಗೆ ನಡೆಯಿತು ಎನ್ನುವುದನ್ನು ಯಾರೂ ಅಷ್ಟಾಗಿ ಬರೆಯಲಿಲ್ಲ. ನನಗೆ ಕುತೂಹಲ ಇರುವುದು ಅಲ್ಲಿ.

ಕೆಲಸದ ಮೇಲೆ ಹ್ಯಾಂಬುರ್ಗ್‌ನಲ್ಲಿದ್ದ ಕಾಲದಲ್ಲಿ ನಾನು ಇಂಥ ಒಂದು ಮನೆಗೆ ವಾರಾಂತ್ಯದಲ್ಲಿ ಹೋಗಿ ತರಕಾರಿ ಹೆಚ್ಚುತ್ತಿದ್ದೆ. ಅದರ ಹೆಸರು ಬೇಡ. ಈಗಾಗಲೇ ಹೇಳಿದ ಎರಡು ಮನೆಗಳಲ್ಲಿ ಅದು ಯಾವುದೂ ಅಲ್ಲ. ಅಲ್ಲಿ ಅತಿಥಿ ಬಂದ ದಿನ ಮೊದಲು ನಡೆಯುವ ಕೆಲಸ ನೋಡಿ ನನಗೆ ಆಶ್ಚರ್ಯವಾಗಿತ್ತು. ಸ್ವಾಗತ ಭಾಷಣವಿಲ್ಲ, ಪ್ರಾರ್ಥನೆಯೂ ಇಲ್ಲ. ಮನೆಯ ಹಿರಿಯ ಹೆಂಗಸೊಬ್ಬರು ಅವನನ್ನು ಕೂರಿಸಿ, ಅವನ ಗುರುತಿನ ಕಾಗದ ನೋಡಿಕೊಂಡು, ಅದರಲ್ಲಿ ಇರುವ ಅಕ್ಷರಗಳಲ್ಲೇ ಅವನ ಹೆಸರನ್ನು ಒಂದು ಚೀಟಿಯಲ್ಲಿ ಬರೆದರು. ಕಚೇರಿಯ ಗುಮಾಸ್ತ ಯಾವ ಕಾಗುಣಿತದಲ್ಲಿ ಬರೆದಿದ್ದಾನೋ ಅದೇ ಕಾಗುಣಿತ, ತಪ್ಪಾಗಿದ್ದರೂ ಅದೇ. ಆಮೇಲೆ ಹೊರಗೆ ಹೋಗಿ ಪೆಟ್ಟಿಗೆಯ ಮೇಲಿದ್ದ ಏಳೆಂಟು ಹೆಸರುಗಳ ಕೆಳಗೆ ಪಾರದರ್ಶಕ ಟೇಪಿನಿಂದ ಅಂಟಿಸಿದರು. ಮಳೆಗೆ ನೆನೆಯದಂತೆ ಎರಡು ಸಲ. ಒಳಗೆ ಬಂದು ಬೀಗದ ಕೈ ಕೊಟ್ಟರು. ನಂತರ ಚಹಾ.

ಅಡುಗೆಮನೆಯ ಗೋಡೆಯಲ್ಲಿ ಒಂದು ಕ್ಯಾಲೆಂಡರ್. ಯಾವ ದಿನ ಯಾರ ಅಡುಗೆ, ಯಾರಿಗೆ ವಕೀಲರ ಭೇಟಿ, ಯಾವ ದಿನ ಹಸಿರು ಕಸದ ಡಬ್ಬಿ ಹೊರಗಿಡಬೇಕು ಎಲ್ಲವೂ ಅದರಲ್ಲೇ. ಪತ್ರಗಳು ಮಧ್ಯಾಹ್ನ ಬರುತ್ತಿದ್ದವು. ಪೆಟ್ಟಿಗೆಯ ಮುಚ್ಚಳದ ಸದ್ದಾದರೆ ಮೇಜಿನ ಸುತ್ತ ಮಾತು ನಿಲ್ಲುತ್ತಿತ್ತು. ಹಳದಿ ಲಕೋಟೆ ಬಂದರೆ ಅದನ್ನು ಅವನೇ ಒಡೆಯಬೇಕು ಎಂಬುದು ಆ ಮನೆಯ ನಿಯಮ. ಓದಿ ಹೇಳಲು ಯಾರಾದರೊಬ್ಬರು ಪಕ್ಕದಲ್ಲಿ ಕೂರುತ್ತಾರೆ, ಮೊದಲು ತಾರೀಖನ್ನು ಕ್ಯಾಲೆಂಡರಿಗೆ ಏರಿಸುತ್ತಾರೆ, ಅಂದೇ ವಕೀಲರಿಗೆ ಫೋನು ಮಾಡುತ್ತಾರೆ. ನೂರಾರು ಜನರಿರುವ ಸರ್ಕಾರಿ ವಸತಿಕೇಂದ್ರದಲ್ಲಿ ಇದೇ ಪತ್ರ ಸೂಚನಾಫಲಕ ನೋಡಿಕೊಂಡು ಕಿಟಕಿಯಲ್ಲಿ ಹೋಗಿ ಪಡೆಯಬೇಕಾದ ಒಂದು ಕಾಗದ. ಆ ಒಂದು ವಾರದ ಗಡುವು ಎಷ್ಟೋ ಜನರಿಗೆ ತಪ್ಪಿಹೋಗುವುದು ಹೀಗೆಯೇ.

ಇನ್ನು ಸಂದರ್ಶನ. ಜರ್ಮನರು ಅದನ್ನು 'ಆನ್‌ಹೋರುಂಗ್' ಎನ್ನುತ್ತಾರೆ. ವಲಸೆ ಕಚೇರಿಯ ಅಧಿಕಾರಿ, ಒಬ್ಬ ದುಭಾಷಿ, ಅರ್ಜಿದಾರ, ಮೂರೇ ಜನ ಇರುವ ಕೋಣೆ. ನಿಮ್ಮ ಅಜ್ಜನ ಹೆಸರೇನು, ಯಾವ ದಾರಿಯಲ್ಲಿ ಬಂದಿರಿ ಎಂಬ ಪ್ರಶ್ನೆಗಳಿಂದ ಶುರುವಾಗಿ ಊರು ಬಿಟ್ಟ ಕಾರಣದವರೆಗೆ ಹೋಗುತ್ತದೆ. ಹೇಳಿದ್ದೆಲ್ಲ ದಾಖಲಾಗುತ್ತದೆ, ಮತ್ತೆ ಅವನ ಭಾಷೆಗೆ ಅನುವಾದಿಸಿ ಓದಿ ಹೇಳುತ್ತಾರೆ. ದಿನ, ಜಾಗ, ಅನುಕ್ರಮ ಹೊಂದದಿದ್ದರೆ ಮಾತು ನಂಬಲರ್ಹವಲ್ಲ. ಚಿತ್ರಹಿಂಸೆ ಅನುಭವಿಸಿದವನು ಅದನ್ನು ಅನುಕ್ರಮದಲ್ಲಿ ಹೇಳಲಾರ ಎಂದು ಮನೋವೈದ್ಯರು ಎಷ್ಟು ಹೇಳಿದರೂ ಕಾಗದಕ್ಕೆ ಬೇಕಾದದ್ದು ಅನುಕ್ರಮವೇ. ಹೀಗೆ ಹೋದಲ್ಲೆಲ್ಲ, ವಕೀಲರ ಬಳಿ, ವೈದ್ಯರ ಬಳಿ, ಸಹಾಯ ಕೇಂದ್ರದಲ್ಲಿ, ಅವನು ಅದೇ ಕಥೆಯನ್ನು ಹೇಳುತ್ತಲೇ ಇರಬೇಕು. ಕಥೆಯೇ ಅವನ ನಾಣ್ಯ.

ನಾನು ನೋಡಿದ ಮನೆಯಲ್ಲಿ ಊಟದ ಮೇಜಿನ ಬಳಿ ಯಾರೂ ಅವನ ಕಥೆ ಕೇಳುತ್ತಿರಲಿಲ್ಲ. ನನ್ನಂಥ ಹೊರಗಿನವರಿಗೆ ಇದನ್ನು ಮೊದಲ ದಿನವೇ ಹೇಳಿಬಿಡುತ್ತಿದ್ದರು. ನಮ್ಮವರಿಗೆ ಇದು ಎಷ್ಟು ಕಷ್ಟ ನೋಡಿ! ರೈಲಿನಲ್ಲಿ ಎದುರು ಕುಳಿತವರ ಊರು, ಸಂಬಳ, ಮಕ್ಕಳ ಸಂಖ್ಯೆ ವಿಚಾರಿಸದೆ ನಮಗೆ ತಿಂಡಿ ಇಳಿಯುವುದಿಲ್ಲ. ಅಲ್ಲಿ ಅವನನ್ನು ಕೇಳುತ್ತಿದ್ದದ್ದು ಈರುಳ್ಳಿ ದಪ್ಪ ಹೆಚ್ಚಲೋ ಸಣ್ಣಗೋ ಎಂದು. ತಾನೇ ಹೇಳಬೇಕೆನಿಸಿದಾಗ ಹೇಳುತ್ತಿದ್ದ. ರಾತ್ರಿ ಎರಡು ಗಂಟೆಗೆ ನಿದ್ರೆ ಬಾರದೆ ಅಡುಗೆಮನೆಗೆ ಬಂದಾಗ ಅಲ್ಲಿ ಇನ್ನೂ ಒಬ್ಬರು ಎಚ್ಚರವಿದ್ದರೆ ಹೇಳುತ್ತಿದ್ದ, ಇಲ್ಲದಿದ್ದರೆ ಇಲ್ಲ.

ಚರ್ಚ್ ಆಶ್ರಯದಲ್ಲಿರುವವರ ಆರು ತಿಂಗಳು ಇನ್ನೂ ಬಿಗಿ. ಅಂಗಳ ದಾಟುವಂತಿಲ್ಲ, ದಾಟಿದರೆ ಹಿಡಿಯಬಹುದು. ಆರೋಗ್ಯ ವಿಮೆ ಇಲ್ಲದ್ದರಿಂದ ಹಲ್ಲುನೋವು ಬಂದರೂ ಪರಿಚಯದ ವೈದ್ಯರ ದಯೆ ಬೇಕು. ಇಪ್ಪತ್ತನಾಲ್ಕು ವರ್ಷದ ಗಂಡಸು ನಾಲ್ಕು ಕೋಣೆಗಳಲ್ಲಿ ಆರು ತಿಂಗಳು ಏನು ಮಾಡಬೇಕು? ಜರ್ಮನ್ ವ್ಯಾಕರಣ ಎಷ್ಟು ಹೊತ್ತು ಓದಬಹುದು? ಮೊದಲ ತಿಂಗಳು ಎಲ್ಲರಿಗೂ ಉತ್ಸಾಹ. ನಾಲ್ಕನೆಯ ತಿಂಗಳಿಗೆ ಬರುವಷ್ಟರಲ್ಲಿ ಜಗಳ ಶುರುವಾಗಿರುತ್ತದೆ. ಫೋನಿನಲ್ಲಿ ಗಟ್ಟಿಯಾಗಿ ಮಾತನಾಡುತ್ತಾನೆ, ಮಧ್ಯಾಹ್ನದವರೆಗೆ ಮಲಗಿರುತ್ತಾನೆ, ಹಂದಿಮಾಂಸ ಮುಟ್ಟಿದ ಬಾಣಲೆಯನ್ನು ಬೇರೆ ಇಡಬೇಕು. ಪೊಲೀಸರು ಬಂದ ದಿನ ಬಾಗಿಲಿಗೆ ಅಡ್ಡ ನಿಲ್ಲುವುದಕ್ಕಿಂತ ಆ ನಾಲ್ಕನೆಯ ತಿಂಗಳಲ್ಲಿ ಸಿಡುಕದೆ ಬಾಣಲೆ ತೊಳೆಯುವುದು ಕಷ್ಟ ಎಂದು ಆ ಮನೆಯವರೇ ನಗುತ್ತಾ ಹೇಳುತ್ತಿದ್ದರು. ನನಗೂ ಈ ಮಾತಿನಲ್ಲಿ ನಂಬಿಕೆ. ವೀರಗಾಥೆಗಳನ್ನು ಕೇಳಿ ಬಾಗಿಲು ತೆರೆದವರು ಬೇಗ ಸುಸ್ತಾಗುತ್ತಾರೆ.

ಪೊಲೀಸರು ಬರುವುದೂ ಸುಳ್ಳಲ್ಲ. 2024ರ ಸೆಪ್ಟೆಂಬರ್ ಕೊನೆಯಲ್ಲಿ ಹ್ಯಾಂಬುರ್ಗ್‌ನ ಬೆರ್ಗೆಡೋರ್ಫ್‌ನ ಒಂದು ಕ್ಯಾಥೊಲಿಕ್ ಧರ್ಮಕೇಂದ್ರದಲ್ಲಿದ್ದ ಆಫ್ಘನ್ ಯುವಕನನ್ನು ಕರೆದೊಯ್ದು ಸ್ವೀಡನ್‌ಗೆ ಕಳಿಸಿದರು. ಅದೇ ವರ್ಷದ ಡಿಸೆಂಬರಿನಲ್ಲಿ ಬ್ರೆಮೆನ್‌ನ ಚರ್ಚೊಂದರಲ್ಲಿ ಸೋಮಾಲಿಯಾದ ಯುವಕನನ್ನು ಕರೆದೊಯ್ಯಲು ರಾತ್ರಿ ಬಂದಾಗ ಗಂಟೆ ಬಾರಿಸಿ ಜನ ಸೇರಿದರು, ಪೊಲೀಸರು ಹಿಂದಿರುಗಿದರು. ಆಶ್ರಯ ಕೊಟ್ಟವರ ಮೇಲೆ ಮೊಕದ್ದಮೆಗಳೂ ನಡೆದಿವೆ. ಬವೇರಿಯಾದ ಮ್ಯೂನ್‌ಸ್ಟರ್‌ಶ್ವಾರ್ಟ್ಸಾಖ್ ಬೆನೆಡಿಕ್ಟೈನ್ ಮಠದ ಬ್ರದರ್ ಅಬ್ರಹಾಂ ಸಾವರ್, ಗಾಜಾದಿಂದ ಬಂದವನೊಬ್ಬನಿಗೆ ಮಠದಲ್ಲಿ ಜಾಗ ಕೊಟ್ಟಿದ್ದಕ್ಕೆ ಕಟಕಟೆ ಏರಬೇಕಾಯಿತು. 2021ರ ಏಪ್ರಿಲ್‌ನಲ್ಲಿ ಕಿಟ್ಸಿಂಗೆನ್ ನ್ಯಾಯಾಲಯ ಅವರ ನಂಬಿಕೆ ಮತ್ತು ಆತ್ಮಸಾಕ್ಷಿಯ ಸ್ವಾತಂತ್ರ್ಯವನ್ನು ಎತ್ತಿಹಿಡಿದು ಖುಲಾಸೆ ಮಾಡಿತು. ಮರುವರ್ಷ ರಾಜ್ಯದ ಮೇಲಿನ ನ್ಯಾಯಾಲಯವೂ ಖುಲಾಸೆಯನ್ನು ಉಳಿಸಿತು. ಬೆನೆಡಿಕ್ಟನ ಮಠನಿಯಮದ 53ನೆಯ ಅಧ್ಯಾಯ, ಬಂದ ಅತಿಥಿಯನ್ನು ಕ್ರಿಸ್ತನೆಂದೇ ಬರಮಾಡಿಕೊಳ್ಳಬೇಕು ಎನ್ನುತ್ತದೆ. ಸುಮಾರು ಒಂದೂವರೆ ಸಾವಿರ ವರ್ಷ ಹಳೆಯ ನಿಯಮ ಪಾಲಿಸಿದವನನ್ನು ನ್ಯಾಯಾಧೀಶರ ಮುಂದೆ ನಿಲ್ಲಿಸಿದರು.

ಈಗ ನಿಮ್ಮ ಮನಸ್ಸಿನಲ್ಲಿ ಇರುವ ಪ್ರಶ್ನೆಗೆ ಬರುತ್ತೇನೆ. ಮಂಗಳೂರಿನಲ್ಲಿ ನಿಂತು ಅದನ್ನು ತಪ್ಪಿಸಲಾಗುವುದಿಲ್ಲ. ಇವರು ಮತಾಂತರ ಮಾಡುತ್ತಾರೆಯೇ? ಇದೇ ಊರಿನಲ್ಲಿ, 'ಮಂಗಳೂರ ಸಮಾಚಾರ' ಹೊರಟ ಮರುವರ್ಷ, 1844ರಲ್ಲಿ, ಆನಂದರಾವ್ ಕೌಂಡಿನ್ಯ ಎಂಬ ಸಾರಸ್ವತ ತರುಣ ದೀಕ್ಷಾಸ್ನಾನ ಪಡೆದು ಊರೇ ಕುದಿದಾಗ ಅವನಿಗೆ ನೆಲೆಯಾದದ್ದು ಬಾಸೆಲ್ ಮಿಷನ್ನಿನ ಮೊಗ್ಲಿಂಗ್ ಅವರ ಬಳಗ. ಆಶ್ರಯ ಯಾವುದು, ಸೆಳೆತ ಯಾವುದು ಎಂಬ ಚರ್ಚೆ ನಮಗೆ ಹೊಸದಲ್ಲ. ಜರ್ಮನಿಯಲ್ಲಿ ಇದಕ್ಕೆ ಇನ್ನೊಂದು ಮುಖವಿದೆ. ಇರಾನಿನಿಂದ ಬಂದು ಕ್ರೈಸ್ತರಾದವರಿಗೆ ಹಿಂದಿರುಗಿದರೆ ಶಿಕ್ಷೆಯ ಭಯ, ಹಾಗಾಗಿ ಮತಾಂತರವೇ ಆಶ್ರಯಕ್ಕೆ ಕಾರಣವಾಗಬಹುದು. ಅಧಿಕಾರಿಗಳಿಗೆ ಸಂಶಯ ಬರುವುದು ಸಹಜ. ದೀಕ್ಷಾಸ್ನಾನ ಆಗಿದೆ ಎಂದು ಚರ್ಚು ಹೇಳಬಹುದು, ಆದರೆ ಆ ನಂಬಿಕೆ ಅವನ ಬದುಕನ್ನು ನಿಜವಾಗಿ ಹಿಡಿದಿದೆಯೇ ಎನ್ನುವುದನ್ನು ನ್ಯಾಯಾಲಯವೇ ತೂಗುತ್ತದೆ. ಅಲ್ಲಿನ ಸಂವಿಧಾನ ನ್ಯಾಯಾಲಯ 2020ರಲ್ಲಿ ಈ ಪದ್ಧತಿಗೆ ಒಪ್ಪಿಗೆ ಕೊಟ್ಟಿದೆ.

ನಾನು ಹೋಗುತ್ತಿದ್ದ ಮನೆಯಲ್ಲಿ ಬೆಳಗಿನ ಪ್ರಾರ್ಥನೆಗೆ ಅತಿಥಿಗಳನ್ನು ಕರೆಯುತ್ತಿರಲಿಲ್ಲ. ಬಂದರೆ ಕುರ್ಚಿ ಇತ್ತು, ಅಷ್ಟೇ. ತಲೆಯ ಮೇಲಿನ ಸೂರು ಇನ್ನೊಬ್ಬರ ಕೈಯಲ್ಲಿರುವಾಗ 'ಬನ್ನಿ, ಪ್ರಾರ್ಥಿಸೋಣ' ಎಂಬ ಮಾತು ಆಹ್ವಾನವಾಗಿ ಉಳಿಯುವುದಿಲ್ಲ ಎಂಬುದು ಅವರ ತಿಳಿವಳಿಕೆ. ಎಲ್ಲ ಕಡೆ ಹೀಗೆಯೇ ಇದೆ ಎಂದು ನಾನು ಹೇಳಲಾರೆ. ಅತಿಥಿಯ ಮತಾಂತರವನ್ನು ಸುತ್ತೋಲೆಯಲ್ಲಿ ಫೋಟೊ ಸಮೇತ ಅಚ್ಚು ಹಾಕುವವರನ್ನೂ ಕಂಡಿದ್ದೇನೆ, ನನಗೆ ಅದು ಸರಿಬರಲಿಲ್ಲ. ಇರಾನಿನಲ್ಲಿರುವ ಅವನ ಮನೆಯವರಿಗೂ ಆ ಫೋಟೊ ಕಾಣಿಸುತ್ತದೆ ಎಂಬ ಅರಿವು ಬೇಡವೇ?

ಇನ್ನೊಂದು ಕಹಿ ವಿಷಯ. ಇಂಥ ಮನೆಗಳು ದಿನಾ 'ಇಲ್ಲ' ಎನ್ನುತ್ತವೆ. ಇರುವುದು ಮೂರೋ ನಾಲ್ಕೋ ಹಾಸಿಗೆ, ಫೋನು ಮಾಡುವವರು ನೂರು. 2023ರಲ್ಲಿ ಜರ್ಮನಿಯಾದ್ಯಂತ ಎರಡು ಸಾವಿರಕ್ಕೂ ಹೆಚ್ಚು ಚರ್ಚ್ ಆಶ್ರಯ ಪ್ರಕರಣಗಳಿದ್ದವು. ಅದೇ ವರ್ಷ ಆಶ್ರಯ ಕೋರಿದವರು ಮೂರು ಲಕ್ಷಕ್ಕೂ ಹೆಚ್ಚು. ಯಾರನ್ನು ಆರಿಸುವುದು? ಕಾಯಿಲೆಯವರನ್ನೇ, ಗರ್ಭಿಣಿಯನ್ನೇ, ಪ್ರಕರಣ ಗೆಲ್ಲುವ ಸಂಭವ ಇರುವವನನ್ನೇ? ಆ ಮನೆಯಲ್ಲಿ ವಾರಕ್ಕೊಮ್ಮೆ ಕುಳಿತು ನಿರ್ಧರಿಸುತ್ತಿದ್ದರು. ಒಬ್ಬರು ಒಪ್ಪದಿದ್ದರೂ ತೆಗೆದುಕೊಳ್ಳುತ್ತಿರಲಿಲ್ಲ, ಏಕೆಂದರೆ ಒಪ್ಪದವರೂ ಅದೇ ಸ್ನಾನದ ಮನೆ ಬಳಸಬೇಕು. ಇದು ನ್ಯಾಯವೇ ಎಂದು ಕೇಳಿದೆ. ನ್ಯಾಯ ಕೊಡುವುದು ಸರ್ಕಾರದ ಕೆಲಸ, ನಾವು ಕೊಡುವುದು ಹಾಸಿಗೆ ಎಂಬ ಉತ್ತರ ಬಂತು. ಹಾಗೆಂದು ಅವರು ಸರ್ಕಾರವನ್ನು ಬಿಟ್ಟುಬಿಟ್ಟವರೂ ಅಲ್ಲ. ಹ್ಯಾಂಬುರ್ಗ್‌ನಲ್ಲಿ ಶುಭ ಶುಕ್ರವಾರದ ದಿನ ನಿರಾಶ್ರಿತರ ಹಕ್ಕುಗಳಿಗಾಗಿ ನಗರದ ನಡುವೆ ಶಿಲುಬೆ ಹಾದಿ ನಡೆಸುವ ಪರಿಪಾಠವಿದೆ, ಬ್ರೋಟ್ ಉಂಡ್ ರೋಜೆನ್‌ನವರು ಅದನ್ನು ಕಟ್ಟಿ ಬೆಳೆಸಿದವರು.

ನಮ್ಮ ಊಹೆಯ ಯುವಕನ ಆರು ತಿಂಗಳು ಮುಗಿಯಿತು ಎನ್ನಿ. ಗೆದ್ದನೇ? ಇಲ್ಲ. ಬಲ್ಗೇರಿಯಾ ಬದಲು ಜರ್ಮನಿ ಅವನ ಅರ್ಜಿಯನ್ನು ಓದಲು ಶುರು ಮಾಡುತ್ತದೆ, ಅಷ್ಟೇ. ಮತ್ತೆ ಸಂದರ್ಶನ, ಮತ್ತೆ ಹಳದಿ ಲಕೋಟೆ. ಅರ್ಜಿ ತಿರಸ್ಕಾರವಾಗಿ ಕಳಿಸಲೂ ಆಗದಿದ್ದರೆ 'ಡುಲ್ಡುಂಗ್' ಎಂಬ, ಅಡ್ಡಲಾಗಿ ಕೆಂಪು ಪಟ್ಟಿ ಇರುವ ಕಾಗದ. ಅದು ವಾಸದ ಪರವಾನಗಿಯಲ್ಲ, ಗಡೀಪಾರನ್ನು ಸದ್ಯಕ್ಕೆ ತಡೆಹಿಡಿದಿದ್ದೇವೆ ಎಂಬ ಚೀಟಿ. ಅದನ್ನು ನವೀಕರಿಸುತ್ತಾ ವರ್ಷಗಟ್ಟಲೆ ಬದುಕುವವರಿದ್ದಾರೆ. ಪರವಾನಗಿ ಸಿಕ್ಕವರಿಗೆ ಹ್ಯಾಂಬುರ್ಗ್‌ನಲ್ಲಿ ಬಾಡಿಗೆ ಮನೆ ಸಿಗುವುದಿಲ್ಲ, ಹಾಗಾಗಿ ಆರು ತಿಂಗಳೆಂದು ಬಂದವರು ಎರಡು ವರ್ಷ ಇದ್ದುಬಿಡುತ್ತಾರೆ. ಅಷ್ಟರಲ್ಲಿ ಹೊಸಬರಿಗೆ ಹಸಿರು ಕಸದ ಡಬ್ಬಿಯ ದಿನ ಯಾವುದೆಂದು ಹೇಳಿಕೊಡುವವರು ಅವರೇ ಆಗಿರುತ್ತಾರೆ.

ಸಭೆಯಲ್ಲಿ ಒಬ್ಬರು ಚೀಟಿ ಕಳಿಸಿದ್ದಾರೆ: ಇದನ್ನು ನಾವು ಇಲ್ಲಿ ಮಾಡಬಹುದೇ? ಸುಮ್ಮನೆ ಉತ್ಸಾಹದ ಮಾತು ಆಡುವುದು ಬೇಡ. ಭಾರತ 1951ರ ನಿರಾಶ್ರಿತರ ಒಪ್ಪಂದಕ್ಕೆ ಸಹಿ ಹಾಕಿಲ್ಲ, ನಮ್ಮಲ್ಲಿ ನಿರಾಶ್ರಿತರಿಗೆಂದೇ ಕಾನೂನೂ ಇಲ್ಲ. ಬೈಲುಕುಪ್ಪೆಯ ಟಿಬೆಟನ್ನರಿಗೆ ಜಮೀನು ಸಿಕ್ಕಿದ್ದು ಸರ್ಕಾರದ ತೀರ್ಮಾನದಿಂದ, ಯಾವ ಹಕ್ಕಿನಿಂದಲೂ ಅಲ್ಲ. ವಿಶ್ವಸಂಸ್ಥೆಯ ನಿರಾಶ್ರಿತರ ಸಂಸ್ಥೆ ದೆಹಲಿಯಲ್ಲಿ ಕೊಡುವ ಕಾರ್ಡು ವೀಸಾಕ್ಕೆ ಸಮನಲ್ಲ. ವಿದೇಶಿಯರನ್ನು ಮನೆಯಲ್ಲಿ ಇರಿಸಿಕೊಂಡರೆ 24 ಗಂಟೆಯೊಳಗೆ, ಮೊದಲು 'ಸಿ' ನಮೂನೆ ಎನ್ನುತ್ತಿದ್ದ, ನಿಗದಿತ ನಮೂನೆ ತುಂಬಿ ವಿದೇಶಿಯರ ನೋಂದಣಿ ಕಚೇರಿಗೆ ತಿಳಿಸಬೇಕು, ಅದು ಹೋಟೆಲಿಗಷ್ಟೇ ಅಲ್ಲ, ಮನೆಗೂ ಅನ್ವಯಿಸುತ್ತದೆ. ಚೀಟಿ ಕಳಿಸಿದವರು ಯೋಚಿಸುತ್ತಿರುವುದು ಈ ಊರಿನಲ್ಲಿ ಓದುತ್ತಿರುವಾಗಲೇ ತಮ್ಮ ದೇಶದಲ್ಲಿ ಯುದ್ಧ ಶುರುವಾಗಿ ವೀಸಾ ಮುಗಿಯುತ್ತಿರುವ ವಿದ್ಯಾರ್ಥಿಗಳ ಬಗ್ಗೆ ಎಂದು ಕಾಣುತ್ತದೆ. ಅವರ ವಿಷಯದಲ್ಲಿ ಮೊದಲು ವಕೀಲರನ್ನು ನೋಡಿ, ವೀಸಾ ಮುಗಿಯುವ ಮೊದಲೇ ನೋಡಿ. ನಮೂನೆ ತುಂಬುವಾಗ ಹೆಸರಿನ ಕಾಗುಣಿತವನ್ನು ಪಾಸ್‌ಪೋರ್ಟಿನಲ್ಲಿ ಇದ್ದಂತೆಯೇ ಬರೆಯಿರಿ. ಕೋಣೆ, ಊಟ, ಮನೆಯವರ ಒಪ್ಪಿಗೆ ಇವನ್ನೆಲ್ಲ ಆಮೇಲೆ ಮಾತನಾಡೋಣ, ಸಭೆ ಮುಗಿದ ಮೇಲೆ ನಾನು ಇಲ್ಲೇ ಇರುತ್ತೇನೆ.